ತಾಲೆರಾಂ, ಗಾವಾನ್ ಮತ್ತು ನಮ್ಮ ಕಾಕಾ

ಜಾಣತನದ ಮಾತನ್ನು ಯಾರೇ ಆಡಿರಲಿ, ಕಡೆಗೆ ಅದು ಜಮಾ ಆಗುವುದು ಒಬ್ಬನ ಖಾತೆಗೆ. ನಮ್ಮಲ್ಲಿ ಆ ಖಾತೆ ತೆನಾಲಿ ರಾಮಕೃಷ್ಣನ ಹೆಸರಿನಲ್ಲಿದೆ, ದಿಲ್ಲಿ ಕಡೆ ಬೀರಬಲ್ಲನ ಹೆಸರಿನಲ್ಲಿದೆ. ಫ್ರಾನ್ಸಿನವರು ತೆರೆದುಕೊಂಡ ಖಾತೆ ತಾಲೆರಾಂ ಎಂಬ ಮಂತ್ರಿಯದು. ಶಾರ್ಲ್ ಮೊರೀಸ್ ದ ತಾಲೆರಾಂ 1754ರಲ್ಲಿ ಹುಟ್ಟಿ 1838ರಲ್ಲಿ ತೀರಿಕೊಂಡ. ಬದುಕಿದ್ದಾಗ ಆಡಿದ್ದಕ್ಕಿಂತ ಸತ್ತಮೇಲೆ ಅವನು ಆಡಿದ ಮಾತೇ ಹೆಚ್ಚು. 1804ರಲ್ಲಿ ನೆಪೋಲಿಯನ್ ಒಬ್ಬ ರಾಜಮನೆತನದ ತರುಣನನ್ನು ಹಿಡಿದು ತರಿಸಿ ಗುಂಡಿಕ್ಕಿಸಿದಾಗ, ಇದು ಬರೀ ಪಾಪವಾಗಿದ್ದರೆ ನಡೆಯುತ್ತಿತ್ತು, ದಡ್ಡತನವೂ ಆಯಿತಲ್ಲ ಎಂಬ ಅರ್ಥದ ಮಾತೊಂದು ಪ್ಯಾರಿಸಿನಲ್ಲಿ ಓಡಾಡಿತು. ಪೊಲೀಸ್ ಮಂತ್ರಿ ಫೂಶೆ ಅದನ್ನು ತನ್ನದೆಂದ. ಬೂಲೆ ಎಂಬ ಇನ್ನೊಬ್ಬನದೆಂದು ತಿಳಿದವರು ಹೇಳುತ್ತಾರೆ. ಜನ ಇಬ್ಬರನ್ನೂ ಬದಿಗೆ ಸರಿಸಿ ತಾಲೆರಾಂನ ಹೆಸರಿಗೆ ಖಾತೆ ಬದಲಾವಣೆ ಮಾಡಿಬಿಟ್ಟರು. ಪಹಣಿಯಲ್ಲಿ ಒಮ್ಮೆ ಹೆಸರು ಏರಿತೆಂದರೆ ಇಳಿಸುವುದು ಎಷ್ಟು ಕಷ್ಟವೆಂಬುದು ಹೊಲ ಇದ್ದವರಿಗೆಲ್ಲ ಗೊತ್ತು.

ಈ ಮನುಷ್ಯ ಕುಂಟುಗಾಲಿನವ, ಮೊದಲು ಬಿಷಪ್ ಆಗಿದ್ದವ. 1789ರಲ್ಲಿ ಚರ್ಚಿನ ಆಸ್ತಿಯನ್ನೆಲ್ಲ ದೇಶಕ್ಕೆ ಸೇರಿಸಿಬಿಡೋಣವೆಂದು ಸಭೆಯಲ್ಲಿ ಎದ್ದು ನಿಂತು ಹೇಳಿದವನೂ ಇದೇ ಬಿಷಪ್. ಹಳೆಯ ರಾಜನ ಕಾಲ, ಕ್ರಾಂತಿಯ ಕಾಲ, ನೆಪೋಲಿಯನ್ನನ ಕಾಲ, ತಿರುಗಿ ಬಂದ ರಾಜನ ಕಾಲ, ಆ ಮೇಲೆ ಬಂದ ಮತ್ತೊಬ್ಬ ರಾಜನ ಕಾಲ, ಎಲ್ಲದರಲ್ಲೂ ಅವನಿಗೊಂದು ಕುರ್ಚಿ ಇತ್ತು. 1830ರಲ್ಲಿ ಆ ಮತ್ತೊಬ್ಬ ರಾಜ ಲೂಯಿ ಫಿಲಿಪ್ಪನ ಮುಂದೆ ನಿಷ್ಠೆಯ ಪ್ರಮಾಣ ಮಾಡುವಾಗ, ಇದು ನನ್ನ ಹದಿಮೂರನೆಯದು ಎಂದನಂತೆ. ಅದಕ್ಕೂ ಮೊದಲು, 1809ರ ಜನವರಿಯಲ್ಲಿ, ನೆಪೋಲಿಯನ್ ಕೆಲವು ದೊಡ್ಡವರ ಎದುರಿಗೇ ಅವನನ್ನು ರೇಷ್ಮೆ ಕಾಲುಚೀಲದಲ್ಲಿ ತುಂಬಿದ ಹೊಲಸು ಎಂದು ಬಾಯಿಗೆ ಬಂದಂತೆ ಬೈದನಂತೆ. ತಾಲೆರಾಂ ಸುಮ್ಮನೆ ನಿಂತು ಪೂರ್ತಿ ಕೇಳಿಸಿಕೊಂಡು, ಹೊರಗೆ ಬಂದು, ಇಷ್ಟು ದೊಡ್ಡ ಮನುಷ್ಯನಿಗೆ ಸಣ್ಣವನಿದ್ದಾಗ ಯಾರೂ ಬುದ್ಧಿ ಕಲಿಸಲಿಲ್ಲವಲ್ಲ ಎಂದು ಮರುಗಿದನಂತೆ. ಈ "ಅಂತೆ"ಗಳನ್ನು ಓದುಗರು ಸಹಿಸಿಕೊಳ್ಳಬೇಕು. ತಾಲೆರಾಂನ ವಿಷಯದಲ್ಲಿ "ಅಂತೆ" ಇಲ್ಲದೆ ಬರೆಯಹೊರಟವನ ಕೈಗೆ ಹುಟ್ಟಿದ ಇಸವಿ, ಸತ್ತ ಇಸವಿ ಬಿಟ್ಟು ಬೇರೇನೂ ಸಿಕ್ಕುವುದಿಲ್ಲ.

ಅವನ ಹೆಸರಿನಲ್ಲಿರುವ ಇನ್ನೊಂದು ಉಪದೇಶ ಕಚೇರಿಗೆ ಹೊಸದಾಗಿ ಸೇರಿದ ಹುಡುಗರಿಗೆ ಹೇಳಿದ್ದು: ಏನಾದರೂ ಮಾಡಿ, ಅತಿ ಹುರುಪು ಮಾತ್ರ ಬೇಡ. ಇದನ್ನು ನಾನು ಕಾಕಾನಿಗೆ ಹೇಳಿದೆ. ನಮ್ಮ ಕಾಕಾ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯವರು, ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಈಗ ಬೀದರಿನಲ್ಲಿದ್ದಾರೆ.

"ಇದ್ರಾಗೇನದ ತಮ್ಮಾ? ನಾ ನೌಕರಿ ಪೂರಾ ಮಾಡಿದ್ದೇ ಅದು" ಅಂದರು.

ಕಾಕಾನ ನಿಜವಾದ ಉದ್ಯೋಗ ಶುರುವಾದದ್ದು ನಿವೃತ್ತಿಯ ನಂತರ. ಅಣ್ಣತಮ್ಮಂದಿರ ಪಾಲು, ಹೊಲದ ಬದುವಿನ ಜಗಳ, ಬೀಗರು ಮುನಿಸಿಕೊಂಡು ಮದುವೆ ಮನೆಯಿಂದ ಎದ್ದು ಹೋದದ್ದು, ಇಂಥವಕ್ಕೆಲ್ಲ ಜನ ಅವರನ್ನು ಕರೆಯುತ್ತಾರೆ. ಅವರ ಕ್ರಮ ಯಾವಾಗಲೂ ಒಂದೇ. ಎರಡೂ ಕಡೆಯವರಿಗೆ ಮೊದಲು ಊಟ ಆಗಬೇಕು. ಹೋಳಿಗೆಯ ಮೇಲೆ ತುಪ್ಪ ಬಿದ್ದು, ಮೇಲೆ ಒಂದು ಕಪ್ಪು ಚಹಾ ಇಳಿಯುವ ತನಕ ಬದುವಿನ ಸುದ್ದಿ ಎತ್ತಿದವರ ಕಡೆ ಅವರು ತಿರುಗಿಯೂ ನೋಡುವುದಿಲ್ಲ. "ಹಸದ ಮನ್ಷಾಗ ಸರ್ವೆ ನಂಬರ್ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ" ಎಂಬುದು ಅವರ ಸಿದ್ಧಾಂತ. ತಾಲೆರಾಂನ ಸಿದ್ಧಾಂತವೂ ಇದೇ ಆಗಿತ್ತು. ಯುರೋಪಿನಲ್ಲೇ ಹೆಸರುವಾಸಿಯಾದ ಕರೇಮ್ ಎಂಬ ಬಾಣಸಿಗ ಅವನ ಮನೆಯಲ್ಲಿ ಕೆಲಸ ಮಾಡಿದವನು. 1814ರಲ್ಲಿ, ಸೋತ ಫ್ರಾನ್ಸಿನ ಪರವಾಗಿ ವಿಯೆನ್ನಾದ ಸಮ್ಮೇಳನಕ್ಕೆ ಹೊರಟಾಗ, ನನಗೆ ಲಿಖಿತ ಸೂಚನೆಗಳಿಗಿಂತ ಪಾತ್ರೆ ಪಡಗ ಹೆಚ್ಚು ಬೇಕು ಎಂದು ರಾಜನಿಗೆ ಹೇಳಿದನಂತೆ. ಗೆದ್ದ ನಾಲ್ಕು ರಾಜ್ಯಗಳು ಬಾಗಿಲು ಹಾಕಿಕೊಂಡು ತಾವೇ ಎಲ್ಲ ತೀರ್ಮಾನಿಸಬೇಕೆಂದಿದ್ದಾಗ, ಸೋತವನು ಒಳಗೆ ಬಂದು ಅವರ ನಡುವೆ ಕುರ್ಚಿ ಹಾಕಿಕೊಂಡು ಕೂತ. ಆ ಕುರ್ಚಿಯಲ್ಲಿ ಅಡುಗೆಯವರ ಪಾಲೆಷ್ಟು, ಮಾತಿನ ಪಾಲೆಷ್ಟು ಎಂದು ಯಾರೂ ಭಾಗ ಹಾಕಿಲ್ಲ.

ಇಷ್ಟಾದರೂ ತಾಲೆರಾಂ ನಮಗೆ ಪೂರಾ ಪರಕೀಯನೇನಲ್ಲ. ಅವನು ಮದುವೆಯಾದ ಕ್ಯಾಥರಿನ್ ಎಂಬಾಕೆ ಹುಟ್ಟಿದ್ದು ತಮಿಳುನಾಡಿನ ತರಂಗಂಬಾಡಿಯಲ್ಲಿ. ಅದಕ್ಕಿಂತ ಹತ್ತಿರದ ನಂಟು ಟಿಪ್ಪು ಸುಲ್ತಾನನ ಮೂಲಕ. ವಿದೇಶಾಂಗ ಮಂತ್ರಿಯಾಗಿದ್ದ ತಾಲೆರಾಂ 1798ರ ಫೆಬ್ರವರಿಯಲ್ಲಿ ಒಂದು ವರದಿ ಬರೆದ. ಮೊದಲು ಈಜಿಪ್ಟನ್ನು ಹಿಡಿಯೋಣ, ಅಲ್ಲಿಂದ ಸುಯೆಜ್ ಮಾರ್ಗವಾಗಿ ಹದಿನೈದು ಸಾವಿರ ಸೈನಿಕರನ್ನು ಭಾರತಕ್ಕೆ ಕಳಿಸಿ ಟಿಪ್ಪುವಿನ ಜೊತೆಗೂಡಿ ಇಂಗ್ಲಿಷರನ್ನು ಓಡಿಸೋಣ ಎಂಬುದು ಅದರ ಸಾರಾಂಶ. ನೆಪೋಲಿಯನ್ ಈಜಿಪ್ಟಿಗೆ ಹೋದ. ತುರ್ಕಿಯ ಸುಲ್ತಾನ ಸಿಟ್ಟಾಗದಂತೆ ನೋಡಿಕೊಳ್ಳಲು ತಾಲೆರಾಂ ತಾನೇ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಬೇಕೆಂದು ಮಾತಾಗಿತ್ತು. ಹೋಗಲಿಲ್ಲ. ಅತಿ ಹುರುಪು ಬೇಡ ಎಂದವನು ಅವನೇ ಅಲ್ಲವೇ? ತುರ್ಕಿ ಸಿಟ್ಟಿಗೆದ್ದು ಯುದ್ಧ ಸಾರಿತು. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ಮೇ 4ರಂದು ಶ್ರೀರಂಗಪಟ್ಟಣ ಹೋಯಿತು.

"ಅಂದ್ರ, ನಿಶ್ಚಯ ಮಾಡಿಸಿದಂವ ಲಗ್ನಕ್ಕೇ ಬರ್ಲಿಲ್ಲ" ಅಂದರು ಕಾಕಾ. ಅದರ ಮೇಲೆ ತಾಲೆರಾಂನ ಬಗ್ಗೆ ಅವರಿಗೆ ಇದ್ದ ಗೌರವ ಸ್ವಲ್ಪ ಇಳಿದಂತೆ ಕಂಡಿತು.

ಈ ಮಾತುಕತೆಯೆಲ್ಲ ನಡೆದದ್ದು ಅಷ್ಟೂರಿಗೆ ಹೋಗುವ ದಾರಿಯಲ್ಲಿ. ಬೀದರಿನಿಂದ ಪೂರ್ವಕ್ಕೆ ಮೂರು ಕಿಲೋಮೀಟರ್ ಇರಬಹುದು. ಖಲೀಲುಲ್ಲಾನ ಗೋರಿಯಾದ ಚೌಖಂಡಿ ದಾಟಿ ಇಳಿದರೆ ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ಕಾಣುತ್ತವೆ. ತೊಗರಿ ಹೊಲದ ಅಂಚಿನಲ್ಲಿ ಮಣ್ಣಾದ ಒಂದು ರಾಜವಂಶ. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಇತಿಹಾಸದ ಪುಸ್ತಕವೇ ಬೇಕಾಗಿಲ್ಲ. ಮೊದಲಿನ ಗುಮ್ಮಟಗಳು ಆಕಾಶಕ್ಕೆ ಹೋಗಿವೆ, ನಡುವಿನದೊಂದು ಒಡೆದಿದೆ, ಮುಂದಿನದು ಅರ್ಧಕ್ಕೇ ನಿಂತಿದೆ, ಕೊನೆಯವು ಕುಗ್ಗಿ ಕುಗ್ಗಿ, ನಮ್ಮ ಕಡೆಯ ಸಾಹುಕಾರರೊಬ್ಬರು ಮನಸ್ಸು ಮಾಡಿದರೆ ಕಟ್ಟಿಸಬಹುದಾದಷ್ಟು ಸಣ್ಣವಾಗಿವೆ.

ದೊಡ್ಡದು ಅಹ್ಮದ್ ಶಾ ವಲಿಯದು. 1422ರಿಂದ 1436ರವರೆಗೆ ಆಳಿದವನು, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಇವನೇ. ಒಳಗೆ ಕಾಲಿಟ್ಟರೆ ಮೊದಲು ಕತ್ತಲೆ, ಬಾವಲಿಯ ವಾಸನೆ. ಕಾಯುವವನು ಬಾಗಿಲ ಹೊರಗೆ ಒಂದು ಕನ್ನಡಿ ಹಿಡಿದು, ಹೊರಗಿನ ಬಿಸಿಲನ್ನು ಹಿಡಿದು ಒಳಗೆ ಎಸೆಯುತ್ತಾನೆ. ಆ ಬೆಳಕಿನ ತುಂಡು ಗೋಡೆ ಹತ್ತಿ ಗುಮ್ಮಟದ ಹೊಟ್ಟೆಗೆ ಹೋದಾಗ ಒಮ್ಮೆಲೇ ಬಂಗಾರದ ಅಕ್ಷರ, ಹಿಂಗುಲದ ಕೆಂಪು, ನೀಲಿ ಬಳ್ಳಿ ಕಣ್ಣು ಬಿಡುತ್ತವೆ. ಬೆಳಕು ಮುಂದೆ ಸರಿದರೆ ಹಿಂದಿನದು ಮತ್ತೆ ಕತ್ತಲಿಗೆ. ಅಷ್ಟಷ್ಟೇ ತೋರಿಸುತ್ತಾನೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾನೆ. ಆ ಕೈಯ ಹದ ನೋಡಿದರೆ ಇವನನ್ನು ಯಾವುದಾದರೂ ದೇಶಕ್ಕೆ ರಾಯಭಾರಿ ಮಾಡಿ ಕಳಿಸಬಹುದು ಅನ್ನಿಸಿತು.

ಈ ಅಹ್ಮದ್ ಶಾ ಇರಾನಿನ ಕಿರ್ಮಾನಿನಲ್ಲಿದ್ದ ನಿಯಮತುಲ್ಲಾ ಎಂಬ ಸೂಫಿಗೆ, ಬೀದರಿಗೆ ಬನ್ನಿ ಎಂದು ಕಾಣಿಕೆಗಳೊಡನೆ ಕರೆ ಕಳಿಸಿದ. ಗುರು ಬರಲಿಲ್ಲ, ಮೊಮ್ಮಗನನ್ನು ಕಳಿಸಿದ. ಮಗ ಖಲೀಲುಲ್ಲಾ ಬಂದದ್ದು ಗುರು ತೀರಿಕೊಂಡ ಮೇಲೆ. ದಾರಿಯಲ್ಲಿ ಕಂಡ ಚೌಖಂಡಿ ಅವನದೇ. ಆ ಗುರುಪರಂಪರೆಯ ಹೆಸರುಗಳು ಗುಮ್ಮಟದ ಒಳಗೆ ಈಗಲೂ ಹೊಳೆಯುತ್ತಿವೆ. ಆದರೆ ಅಷ್ಟೂರಿನ ಜನಕ್ಕೆ ಕಿರ್ಮಾನಿನ ಗೊಡವೆ ಇಲ್ಲ. ಮುಸಲ್ಮಾನರಿಗೆ ಅಹ್ಮದ್ ಶಾ ಬರಗಾಲದಲ್ಲಿ ಬೇಡಿಕೊಂಡು ಮಳೆ ತರಿಸಿದ ವಲಿ. ಲಿಂಗಾಯತರಿಗೆ ಇವನು ಅಲ್ಲಮಪ್ರಭು. ಸುಲ್ತಾನನ ಉರುಸು ನಡೆಯುವುದು ಹೋಳಿ ಹುಣ್ಣಿಮೆಯ ಲೆಕ್ಕ ಹಿಡಿದು, ಅಂದರೆ ನಮ್ಮ ಪಂಚಾಂಗದ ಪ್ರಕಾರ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರ ಜೊತೆ ನಡೆದುಕೊಂಡು ಬಂದು ಗೋರಿಯ ಮುಂದೆ ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ, ಹೂ ಏರಿಸುತ್ತಾರೆ. ಪಕ್ಕದಲ್ಲೇ ಫಾತೇಹಾ ನಡೆಯುತ್ತದೆ. ವಿಯೆನ್ನಾದಲ್ಲಿ ಎಷ್ಟೋ ತಿಂಗಳು ಕೂತು ತಿಂದು ಕುಣಿದು ಬರೆದ ಒಡಂಬಡಿಕೆಗೆ ನೂರಕ್ಕೂ ಹೆಚ್ಚು ಕಲಮು. ಇಲ್ಲಿಯ ಒಡಂಬಡಿಕೆಗೆ ಒಂದೂ ಕಲಮಿಲ್ಲ, ಸಹಿಯಿಲ್ಲ, ಆದ್ದರಿಂದ ಯಾರೂ ಮುರಿದಿಲ್ಲ. ಬರೆದಿಟ್ಟಿದ್ದರೆ ಇಷ್ಟೊತ್ತಿಗೆ ನಾಲ್ಕು ಜನ ವಕೀಲರು ಅದರ ಮೇಲೆ ಮನೆ ಕಟ್ಟಿಸಿರುತ್ತಿದ್ದರು.

ಕಾಕಾ ಜಾತ್ರೆಯ ವಿಷಯದಲ್ಲಿ ನನಗಿಂತ ತಿಳಿದವರು. "ಅಲ್ಲಮ ಹೌದೋ ಅಲ್ಲೋ ಅಂತ ಯಾರೂ ಯಾರಿಗೂ ಕೇಳಂಗಿಲ್ಲ. ಕೇಳ್ದಂಗಿರೋದೇ ಇಲ್ಲಿ ಮರ್ಯಾದಿ" ಅಂದರು.

ಆ ಸಾಲಿನಲ್ಲಿ ಮುಂದಕ್ಕೆ ಹೋದಂತೆ ನನಗೆ ಬೇರೊಬ್ಬನ ನೆನಪು ಹತ್ತಿತು. ಇಲ್ಲಿ ಮಲಗಿರುವ ನಾಲ್ವರು ಸುಲ್ತಾನರ ಕಾಲ ಕಂಡು, ತಾನು ಮಾತ್ರ ಇಲ್ಲಿಲ್ಲದವನು. ಮಹಮೂದ್ ಗಾವಾನ್, ಇರಾನಿನ ಗೀಲಾನ್ ಸೀಮೆಯವನು. ಸುಮಾರು 1453ರಲ್ಲಿ, ನಲವತ್ತು ದಾಟಿದ ಮೇಲೆ, ವ್ಯಾಪಾರಕ್ಕೆಂದು ಬೀದರಿಗೆ ಬಂದ. ಆಗ ಗದ್ದುಗೆಯಲ್ಲಿದ್ದವನು ಅಹ್ಮದ್ ಶಾನ ಮಗ ಅಲಾಉದ್ದೀನ್. ಅವನ ಗುಮ್ಮಟ ತಂದೆಯದರ ಪಕ್ಕದಲ್ಲೇ ಇದೆ, ನೀಲಿ ಹಂಚಿನ ಚೂರುಗಳು ಇನ್ನೂ ಗೋಡೆಗೆ ಅಂಟಿಕೊಂಡಿವೆ. ಅವನ ನಂತರ ಬಂದವನು ಹುಮಾಯೂನ್. ಇತಿಹಾಸಕಾರರು ಅವನಿಗೆ ಕೊಟ್ಟ ಅಡ್ಡಹೆಸರು ಜಾಲಿಮ್. ಮೂರೇ ವರ್ಷ ಆಳಿದರೂ ಆ ಹೆಸರು ಸಂಪಾದಿಸಿಕೊಂಡ. ಅವನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಕಳಚಿಬಿದ್ದಿದೆ. ಉಳಿದರ್ಧ, ಕಟ್ಟಡ ಹೇಗೆ ಕಟ್ಟಿದ್ದರೆಂದು ಪಾಠ ಹೇಳಲು ಸೀಳಿ ಇಟ್ಟಂತೆ ನಿಂತಿದೆ.

"ಮ್ಯಾಲಿನವನ ಹಂತ್ಯಾಕ ರಾಜಿ ಇಲ್ಲ ನೋಡು" ಎಂದು ಕಾಕಾ ಆ ಸೀಳನ್ನು ಬಹಳ ಹೊತ್ತು ನೋಡಿದರು.

ಇಂಥ ಹುಮಾಯೂನನ ಕೈಕೆಳಗೂ ಗಾವಾನ್ ಬಾಳಿದ. ಆಮೇಲೆ ಎಂಟು ವರ್ಷದ ನಿಜಾಮ್ ಶಾನನ್ನು ಗದ್ದುಗೆಗೆ ಕೂಡಿಸಿ ರಾಜಮಾತೆ ಹಾಗೂ ಇನ್ನೊಬ್ಬ ಮಂತ್ರಿಯ ಜೊತೆ ರಾಜ್ಯ ನಡೆಸಿದ. 1463ರಲ್ಲಿ ಮೂರನೆಯ ಮಹಮ್ಮದ್ ಬಂದ. ಮುಂದೆ ಹತ್ತಾರು ವರ್ಷ ಬಹಮನಿ ರಾಜ್ಯ ಅಂದರೆ ಗಾವಾನ್ ಎಂಬಂತಾಯಿತು. ಬೀದರಿಗೆ ಕುದುರೆ ಮಾರಲು ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಟಿಪ್ಪಣಿಗಳಲ್ಲಿ ಇವನ ವೈಭವ ಬರೆದಿದ್ದಾನೆ. ಗಾವಾನ್ ಗೋವೆಯನ್ನು ಗೆದ್ದ. 1472ರಲ್ಲಿ ಬೀದರಿನ ನಡುಮಧ್ಯೆ ಮೂರಂತಸ್ತಿನ ಮದರಸಾ ಕಟ್ಟಿಸಿ ಪುಸ್ತಕ ತುಂಬಿಸಿದ. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಅರ್ಧ ಹೋಯಿತು. ಒಂಟಿ ಮಿನಾರಿನ ಮೇಲೆ ಬಣ್ಣದ ಹಂಚು ಈಗಲೂ ಇದೆ.

ಇವನ ಮುಖ್ಯ ಹುಚ್ಚು ಮಾತ್ರ ಕಾಗದ ಬರೆಯುವುದು. ತುರ್ಕಿಯ ಸುಲ್ತಾನನಿಗೆ ಬರೆದ, ಗೀಲಾನಿನ ದೊರೆಗಳಿಗೆ ಬರೆದ, ಹೆರಾತಿನ ಕವಿ ಜಾಮಿಗೆ, ಬೀದರಿಗೆ ಬಂದು ನೆಲೆಸಿರೆಂದು ಬರೆದ. ಜಾಮಿ ಚೆಂದದ ಉತ್ತರ ಬರೆದನೇ ಹೊರತು ಬರಲಿಲ್ಲ. ಅಷ್ಟಕ್ಕೆ ನಿಲ್ಲದೆ, ಕಾಗದ ಬರೆಯುವುದು ಹೇಗೆಂದು ಒಂದು ಶಾಸ್ತ್ರಗ್ರಂಥವನ್ನೇ ಬರೆದಿಟ್ಟ. ಯಾರಿಗೆ ಯಾವ ಬಿರುದು, ಯಾವ ಮಾತು ಎಲ್ಲಿ, ವಿನಯ ಎಷ್ಟು ತೂಕ, ಎಲ್ಲ ಅದರಲ್ಲಿದೆ. ಮೊಹರನ್ನು ಎಲ್ಲಿ ಇಡಬೇಕೆಂಬ ಅಧ್ಯಾಯ ಒಂದಿದ್ದರೆ ಚೆನ್ನಾಗಿರುತ್ತಿತ್ತು.

ತಾಲೆರಾಂ ಬೇಡವೆಂದ ಹುರುಪು ಗಾವಾನನಿಗೆ ಬಹಳ. ರಾಜ್ಯದಲ್ಲಿ ನಾಲ್ಕು ಪ್ರಾಂತಗಳಿದ್ದವು, ಅವನ್ನು ಎಂಟು ಮಾಡಿದ. ಪ್ರಾಂತದ ಸರದಾರನಿಗೆ ಒಂದೇ ಕೋಟೆ, ಉಳಿದದ್ದು ಸುಲ್ತಾನನದು ಎಂದ. ಹೊಲ ಅಳೆಸಿದ. ಬೀದರ ಜಿಲ್ಲೆಯಲ್ಲಿ ಇವತ್ತು ಹೊಲ ಅಳೆಯಲು ಸರಪಳಿ ಹಿಡಿದು ಬಂದವನಿಗೆ ಯಾರೂ ನೀರು ಕೊಡುವುದಿಲ್ಲ, ಐನೂರು ವರ್ಷದ ಹಿಂದೆ ಸರದಾರರು ಸುಮ್ಮನಿದ್ದಾರೆಯೇ? ದಖ್ಖನಿ ಸರದಾರರ ಕಡೆಯವರು ಗಾವಾನನ ಮೊಹರು ಕಾಯುತ್ತಿದ್ದ ಗುಲಾಮನಿಗೆ ಕುಡಿಸಿ, ಒಂದು ಕೋರಾ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಖಾಲಿ ಜಾಗದಲ್ಲಿ ಒರಿಸ್ಸಾದ ದೊರೆಗೆ, ನೀನು ದಂಡೆತ್ತಿ ಬಾ, ನಾನು ನಿನ್ನ ಕಡೆ ಇದ್ದೇನೆ ಎಂದು ಬರೆದರು. ಸುಲ್ತಾನ ಕುಡಿದಿದ್ದ ಹೊತ್ತು ನೋಡಿ ಅವನ ಮುಂದೆ ಇಟ್ಟರು.

ಮುಂದಿನದನ್ನು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಹೋಗಬೇಡ, ಗುಜರಾತಿಗೆ ಓಡಿಬಿಡು ಎಂದು ಗೆಳೆಯರು ಹೇಳಿದರೂ ಗಾವಾನ್ ಹೋದ. ಒಡೆಯನಿಗೆ ದ್ರೋಹ ಮಾಡಿದವನಿಗೆ ಏನು ಶಿಕ್ಷೆ ಎಂದು ಸುಲ್ತಾನ ಕೇಳಿದ. ಕತ್ತಿ ಎಂದ ಗಾವಾನ್. ಕಾಗದ ತೋರಿಸಿದರು. ಮೊಹರು ನನ್ನದು, ಬರಹ ನನ್ನದಲ್ಲ ಎಂದ. ಕಾಗದದ ಶಾಸ್ತ್ರ ಬರೆದವನ ಮಾತು ಒಂದು ಕಾಗದದ ಮುಂದೆ ನಡೆಯಲಿಲ್ಲ. ಎಪ್ಪತ್ತರ ಈ ಮುದುಕ ಹೋದರೆ ನಷ್ಟ ಸಣ್ಣದು, ನಿನ್ನ ರಾಜ್ಯಕ್ಕೆ ಆಗುವುದು ದೊಡ್ಡದು ಎಂಬರ್ಥದಲ್ಲಿ ಏನೋ ಹೇಳಿ ಕುತ್ತಿಗೆ ಚಾಚಿದ. 1481ರ ಏಪ್ರಿಲ್ 5, ಕೊಂಡಪಲ್ಲಿಯ ಪಾಳೆಯ. ಆ ಮೇಲೆ ಅವನ ಖಜಾನೆ ತೆರೆದು ನೋಡಿದವರಿಗೆ ಸಿಕ್ಕಿದ್ದು ನಗೆಗೀಡಾಗುವಷ್ಟು ಸ್ವಲ್ಪ. ಚಾಪೆಯ ಮೇಲೆ ಮಲಗುತ್ತಿದ್ದ, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದ, ಬಂದದ್ದನ್ನೆಲ್ಲ ಹಂಚುತ್ತಿದ್ದ ಎಂದು ಲೆಕ್ಕದವನು ಹೇಳಿದನಂತೆ. ತಾಲೆರಾಂ ಅಮೆರಿಕದ ರಾಯಭಾರಿಗಳಿಂದಲೂ ಲಂಚ ಕೇಳಿಸಿದವನು. ಅವನ ಖಜಾನೆ ಎಂದೂ ಯಾರನ್ನೂ ನಿರಾಶೆಗೊಳಿಸಲಿಲ್ಲ.

ಸುಲ್ತಾನನಿಗೆ ನಿಜ ಗೊತ್ತಾದಾಗ ಹೊತ್ತು ಮೀರಿತ್ತು. ಒಂದು ವರ್ಷ ತುಂಬುವುದರೊಳಗೆ ಅವನೂ ಹೋದ, ಇಪ್ಪತ್ತೆಂಟರ ಆಸುಪಾಸಿನ ಹರೆಯದಲ್ಲಿ, ಗಾವಾನ್ ನನ್ನನ್ನು ಸೀಳುತ್ತಿದ್ದಾನೆ ಎಂದು ಕೂಗುತ್ತ. ಅಷ್ಟೂರಿನಲ್ಲಿ ಅವನ ಗುಮ್ಮಟವೇ ಆ ಅರ್ಧಕ್ಕೆ ನಿಂತದ್ದು. ರಾಜ್ಯ ಐದು ಹೋಳಾಯಿತು. ಸಾಲಿನ ಕೊನೆಯ ಸಣ್ಣ ಗೋರಿಗಳಲ್ಲೊಂದು ಸುಲ್ತಾನ ಕಲೀಮುಲ್ಲಾನದು. ಅವನೂ ಒಂದು ಕಾಗದ ಬರೆದವನೇ. ನನ್ನ ಮಂತ್ರಿ ಬರೀದನಿಂದ ಬಿಡಿಸು ಎಂದು ದಿಲ್ಲಿಯ ಬಾಬರನಿಗೆ ಗುಟ್ಟಾಗಿ ಬರೆದ. ಗುಟ್ಟು ಬೀದರಿನಲ್ಲಿ ಎಷ್ಟು ದಿನ ನಿಲ್ಲುತ್ತದೆ? ಬರೀದನಿಗೆ ಗೊತ್ತಾಗಿ ಸುಲ್ತಾನ ಊರು ಬಿಟ್ಟ, ಅಹಮದನಗರದಲ್ಲಿ ಸತ್ತ, ಹೆಣ ಮಾತ್ರ ಅಷ್ಟೂರಿಗೆ ವಾಪಸು ಬಂತು.

ಗಾವಾನನ ಕತೆ ಕೇಳಿದ ಕಾಕಾ ತೀರ್ಪು ಕೊಟ್ಟರು. "ನಾ ಅದ್ಕೇ ಹೇಳ್ತೀನಿ, ಕೋರಾ ಕಾಗದದ ಮ್ಯಾಲ ಸಹಿ ಹಾಕಬ್ಯಾಡ್ರಿ ಅಂತ. ಎಷ್ಟ ಮಂದಿ ಹೊಲ ಹೋಗ್ಯಾವ." ಆಮೇಲೆ ಸ್ವಲ್ಪ ತಡೆದು, "ಖರೇ ಅಂದ್ರ ಅವ ಊರಿನ ಮಂದಿಗಿ ಒಮ್ಮೆ ಕೂಡ್ಸಿ ಉಣ್ಸಬೇಕಿತ್ತು. ಬರೀ ಬರದ" ಅಂದರು.

ತಾಲೆರಾಂನ ಕೊನೆ ಇದಕ್ಕೆ ಪೂರ್ತಿ ತದ್ವಿರುದ್ಧ. ಚರ್ಚಿನೊಡನೆ ರಾಜಿಯಾಗುವ ಕಾಗದ ಸಿದ್ಧವಾಗಿ ಮಂಚದ ಹತ್ತಿರ ಕಾದಿತ್ತು. ಮನೆಯವರು, ಪಾದ್ರಿ, ಎಲ್ಲರೂ ಸಹಿ ಹಾಕೆಂದು ದುಂಬಾಲುಬಿದ್ದರು. ಸಾಯುವ ಹಿಂದಿನ ರಾತ್ರಿ, ನಾಳೆ ಬೆಳಗಿನ ಐದಕ್ಕೂ ಆರಕ್ಕೂ ನಡುವೆ ಹಾಕುತ್ತೇನೆ ಎಂದ. ಹೇಳಿದ ಹೊತ್ತಿಗೆ ಹಾಕಿದ. ತಾರೀಖು ಮಾತ್ರ ಎರಡು ತಿಂಗಳು ಹಿಂದಿನದು. ಅದೇ ದಿನ, 1838ರ ಮೇ 17ರಂದು, ರಾಜನೇ ಬಂದು ನೋಡಿ ಹೋದ ಮೇಲೆ, ಹಾಸಿಗೆಯಲ್ಲೇ ಕಣ್ಣುಮುಚ್ಚಿದ. ಸುದ್ದಿ ಕೇಳಿದ ಆಸ್ಟ್ರಿಯದ ಮಂತ್ರಿ ಮೆಟರ್ನಿಖ್, ಹೀಗೆ ಸತ್ತದ್ದರಲ್ಲಿ ಅವನ ಉದ್ದೇಶ ಏನಿದ್ದೀತು ಎಂದು ಯೋಚನೆಗೆ ಬಿದ್ದನೆಂದು ಒಂದು ನಗೆಮಾತು. ಇದೂ ಅಂತೆಯೇ.

ಗಾವಾನನ ಗೋರಿ ನೋಡಬೇಕೆನ್ನಿಸಿತು. ಅದು ಬೀದರಿನ ಇನ್ನೊಂದು ಮಗ್ಗುಲಿಗೆ, ಗೋರನಳ್ಳಿಯ ಹತ್ತಿರ ಇದೆ. ಅಷ್ಟೂರಿನಲ್ಲಿ ಒಂದೇ ಆಟೋ ನಿಂತಿತ್ತು. ಆಟೋದವನು ಹೇಳಿದ ಬಾಡಿಗೆಯ ಅರ್ಧಕ್ಕೆ ಕಾಕಾ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಕಾಕಾ ತಮ್ಮ ಹೆಸರುವಾಸಿ ಉಪಾಯ ತೆಗೆದರು: ಸುಮ್ಮನಾದರು. ಈ ಮೌನಕ್ಕೆ ಔರಾದದಿಂದ ಭಾಲ್ಕಿಯವರೆಗೆ ಎಷ್ಟೋ ಅಣ್ಣತಮ್ಮಂದಿರು ಕರಗಿದ್ದಾರೆ. ಆಟೋದವನೂ ಸುಮ್ಮನಾದ. ಸೀಟಿನ ಮೇಲೆ ಕಾಲು ನೀಡಿ, ಸುಲ್ತಾನರ ಕಡೆ ನೋಡುತ್ತ ಕೂತ. ಬಿಸಿಲು ಏರತೊಡಗಿತು. ಕಡೆಗೆ ಅವನೇ ಬಾಯಿ ಬಿಟ್ಟ.

"ಕೂಡ್ರಿ ಮುತ್ಯಾ. ನಿಮ್ಗಿಂತ ರೊಕ್ಕ ದೊಡ್ಡದೇನ್ರಿ? ರೊಕ್ಕದ ಮಾತ ಅಲ್ಲಿ ಹೋದಮ್ಯಾಲ ಮಾಡೋಣು."

ಕಾಕಾ ನನ್ನ ಮುಖ ನೋಡಿದರು, ಬಿಸಿಲು ನೋಡಿದರು, ಹತ್ತಿ ಕೂತರು. ಗೋರನಳ್ಳಿಯಲ್ಲಿ ಇಳಿದಾಗ ಅವನು ಕೇಳಿದ್ದು ಮೊದಲು ಹೇಳಿದ್ದಕ್ಕಿಂತ ಹತ್ತು ರೂಪಾಯಿ ಕಡಿಮೆ. ಕಾಕಾ ಎಣಿಸಿ ಕೊಟ್ಟು, ಆಟೋ ತಿರುಗಿ ಹೋಗುವ ತನಕ ಅದರ ಬೆನ್ನನ್ನೇ ನೋಡಿದರು.

"ಅವನ ನಂಬರ್ ತೊಗೋಬೇಕಿತ್ತು" ಅಂದರು. "ನಾಳಿ ಐತಾರ ಬದುವಿಂದೊಂದು ಪಂಚಾಯ್ತಿ ಅದ."